ಧರ್ಣಪ್ಪನ ಹಗಲು ನಿದ್ದೆ

ಕೊರೊನಾದ ಮೊದಲ ವರ್ಷ ಧರ್ಣಪ್ಪ ಮಾಡಿದ ತಪ್ಪು ಒಂದೇ. ಆನ್‌ಲೈನ್ ಕ್ಲಾಸು ಸಿಗದೆ ಗೇಟಿನ ಬಳಿ ಮೊಬೈಲು ಎತ್ತಿ ಹಿಡಿದು ಅಳುತ್ತಿದ್ದ ಪಕ್ಕದ ಮನೆಯ ಮನ್ವಿತನನ್ನು ಕಂಡು, "ಬಾ ಮಗಾ, ನಮ್ಮ ಜಗಲಿಯಲ್ಲಿ ನೆಟ್‌ವರ್ಕ್ ಉಂಟು" ಎಂದಿದ್ದ.

ಮರುದಿನ ಮನ್ವಿತನ ಜೊತೆ ಮೂವರು ಬಂದರು. ವಾರ ಕಳೆಯುವಾಗ ಧರ್ಣಪ್ಪನ ಮಗಳು ಹರ್ಷಿತಾಳ ನಾಲ್ಕನೇ ಕ್ಲಾಸು ಇಡಿಯಾಗಿ ಜಗಲಿ ಹತ್ತಿ ಕೂತಿತ್ತು.

ಲಾಯಿಲ ಪೇಟೆಯಿಂದ ಒಳಗೆ, ಡಾಮರು ಮುಗಿಯುವ ಆ ಊರಿನಲ್ಲಿ ಧರ್ಣಪ್ಪನಿಗೆ ರಬ್ಬರ್ ಟ್ಯಾಪಿಂಗಿನ ಕೆಲಸ. ಕೋಳಿ ಕೂಗುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಧಣಿಗಳ ತೋಟಕ್ಕೆ ಹೋಗಿ, ಮರ ಕೆತ್ತಿ, ಒಸರುವ ರಬ್ಬರ್ ಹಾಲು ಸಂಗ್ರಹಿಸಿ, ಶೀಟು ಮಾಡಲು ಅಚ್ಚಿಗೆ ಹೊಯ್ದು, ಮನೆಗೆ ಬಂದು ಗಂಜಿ ಉಂಡು ಚಾಪೆ ಬಿಡಿಸುವಾಗ ಜಗಲಿಯಲ್ಲಿ ಕ್ಲಾಸು ಶುರು. ಒಬ್ಬರೇ ಟೀಚರು, ಹತ್ತಾರು ಮೊಬೈಲು; ಒಂದೊಂದೂ ಅರ್ಧ ಮಾತು ಹಿಂದೆ ಮುಂದೆ. ಮಳೆಗಾಲದ ಗದ್ದೆಯ ಕಪ್ಪೆಗಳಿಗಾದರೂ ಅದಕ್ಕಿಂತ ಒಗ್ಗಟ್ಟಿತ್ತು.

ಒಂದು ತಿಂಗಳು ನಿದ್ದೆಗೆಟ್ಟ ಧರ್ಣಪ್ಪ ಒಂದು ಬೆಳಿಗ್ಗೆ ಬೇಲಿ ಬದಿಯ ತೇಗದ ಮರವನ್ನು ಕೆತ್ತಿ, ಹಾಲು ಹಿಡಿಯುವ ಗೆರಟೆ ಕಟ್ಟಿ, ಹಾಲು ಬರಲಿಲ್ಲವೆಂದು ಮರಕ್ಕೇ ಬೈದ. ಧಣಿಗಳು ನೋಡಿಬಿಟ್ಟರು. "ಇನ್ನೊಮ್ಮೆ ಹೀಗಾದ್ರೆ ಬೇರೆ ಜನ ನೋಡ್ತೇನೆ" ಎಂದರು.

ಆದ್ದರಿಂದ ಶಾಲೆ ತೆರೆಯುವ ಬಗ್ಗೆ ಹೆತ್ತವರ ಆನ್‌ಲೈನ್ ಮೀಟಿಂಗು ಉಂಟೆಂದು ತಿಳಿದಾಗ ಧರ್ಣಪ್ಪ ಗಟ್ಟಿ ಮನಸ್ಸು ಮಾಡಿದ. ಮಕ್ಕಳು ಶಾಲೆಗೆ ಹೋಗಲೇಬೇಕು. ಇಲ್ಲದಿದ್ದರೆ ಕೆಲಸ ಹೋಗುತ್ತದೆ.

ಮೀಟಿಂಗಿನ ದಿನ ಹೆತ್ತವರೆಲ್ಲ ಬಂದು ಕೂತದ್ದು ಮತ್ತೆಲ್ಲಿ? ಅವನ ಜಗಲಿಯಲ್ಲೇ.

"ಧರ್ಣಪ್ಪಣ್ಣ, ಸ್ವಲ್ಪ ಆಚೆ ಹೋಗಿ. ನನ್ನ ಮೊಬೈಲಿಗೆ ಆ ಕಂಬದ ಬುಡವೇ ಆಗ್ಬೇಕು" ಎಂದು ಮನ್ವಿತನ ತಾಯಿ ಸರಸ ಅವನನ್ನು ಅವನದೇ ಮನೆಯಲ್ಲಿ ಮೂಲೆಗೆ ದಬ್ಬಿದಳು. ಸ್ಕೂಟರಿನಲ್ಲಿ ಮೀನು ಮಾರುವ ಮೂಸಾಕ ಕಾಲು ಮಡಚಲು ಜಾಗವಿಲ್ಲದೆ ಮೆಟ್ಟಿಲಲ್ಲಿ ಕೂತ. ಎಲ್ಲರ ಮಾಸ್ಕೂ ಗಲ್ಲದಲ್ಲಿತ್ತು.

ಮೊಬೈಲಿನಲ್ಲಿ ವಿಜೇತಾ ಟೀಚರ್ ಕಾಣಿಸಿಕೊಂಡರು. "ಎಲ್ಲರೂ ಮೈಕ್ ಆಫ್ ಮಾಡಿ. ನಾನು ಹೆಸರು ಕರೆದವರು ಮಾತ್ರ ಮಾತಾಡಿ. ಮಕ್ಕಳು ಶಾಲೆಗೆ ಬರುವುದಾ, ಆನ್‌ಲೈನೇ ಸಾಕಾ?"

"ಶಾಲೆ ಬೇಡವೇ ಬೇಡ ಟೀಚರ್" ಎಂದಳು ಸರಸ, ಪಕ್ಕದವಳ ತಟ್ಟೆಯಿಂದ ಚಕ್ಕುಲಿ ತೆಗೆಯುತ್ತ. "ಅಷ್ಟು ಜನ ಒಂದೇ ಕಡೆ ಒತ್ತಿ ಕೂತ್ರೆ ಕೊರೊನಾ ಬರುದಿಲ್ವಾ?"

"ಆನ್‌ಲೈನಲ್ಲಿ ಎಂತ ಕಲಿತಾರೆ ಟೀಚರ್?" ಎಂದ ಮೂಸಾಕ. "ನಮ್ಮ ಮಗ ರಿಝ್ವಾನ್‌ಗೆ ಈಗ ಬರುವ ಪಾಠ ಒಂದೇ, 'ಟೀಚರ್, ನಿಮ್ಮ ಸ್ವರ ಕೇಳುದಿಲ್ಲ'. ನಿನ್ನೆ ಅವನ ಉಮ್ಮ ಬೈದದ್ದಕ್ಕೂ ಅದನ್ನೇ ಹೇಳಿದ."

"ನಿಮಗೇನು ಮೂಸಾಕ, ಹೆದರಿಕೆ ಇಲ್ಲ. ಊರಿಡೀ ತಿರುಗುವವರು!"

"ನಾನು ತಿರುಗಿದ್ದಕ್ಕೇ ನಿಮ್ಮ ಪಾತ್ರೆಗೆ ಬಂಗುಡೆ ಬರುದು ಸರಸಕ್ಕ."

ಜಗಲಿ ಎರಡು ಪಾಲಾಯಿತು. ಇನ್ನು ಬಿಟ್ಟರೆ ಕೆಟ್ಟಿತೆಂದು ಧರ್ಣಪ್ಪ ತನ್ನ ಹೆಸರು ಕರೆದದ್ದೇ ಎದ್ದು ನಿಂತ. ಹುಟ್ಟಿದ ಮೇಲೆ ಅವನು ಸಭೆಯಲ್ಲಿ ಮಾತಾಡಿದ್ದಿಲ್ಲ. ನಿದ್ದೆಯ ಆಸೆ ಮಾತಾಡಿಸಿತು.

"ಟೀಚರ್, ಮಕ್ಕಳ ಎದುರು ನೀವೇ ನಿಂತು ಕಲಿಸ್ಬೇಕು. ಹೆದರಿಕೆ ಎಂತದಕ್ಕೆ ಮಾರಾಯ್ರೆ? ಇಲ್ಲಿ ನೋಡಿ!" ಅವನು ಮೊಬೈಲನ್ನು ಜಗಲಿಯ ಸುತ್ತ ದೇವರ ಆರತಿಯ ಹಾಗೆ ತಿರುಗಿಸಿದ. "ತಿಂಗಳಿಂದ ಎಲ್ಲ ಮಕ್ಕಳೂ ಇಲ್ಲೇ ಕೂತದ್ದು. ಒಬ್ಬನಿಗಾದ್ರೂ ಶೀತ ಬಂದಿದಾ? ಮೂರು ಬದಿಯಿಂದ ಗಾಳಿ ಉಂಟು, ಕೈ ತೊಳಿಲಿಕ್ಕೆ ನಳ್ಳಿ ಉಂಟು, ಕುಡಿಲಿಕ್ಕೆ ಬಿಸಿನೀರು ಉಂಟು. ಇಲ್ಲಿಗೆ ಬಾರದ ಕೊರೊನಾ ಶಾಲೆಗೆ ಬರ್ತದಾ?"

ಸರಸಳ ಚಕ್ಕುಲಿ ಬಾಯಿಯ ಹತ್ತಿರವೇ ನಿಂತಿತು. ಒಳಗಿನಿಂದ ಹೆಂಡತಿ ದಮಯಂತಿ ಬಂದು ಬಾಗಿಲಲ್ಲಿ ನಿಂತು, ಇವರಾ ಮಾತಾಡಿದ್ದು ಎಂಬಂತೆ ನೋಡಿದಳು. ಧರ್ಣಪ್ಪ ಮೈಕ್ ಆಫ್ ಮಾಡಿ ಕೂತ. ಮನಸ್ಸಿನಲ್ಲಿ ಆಗಲೇ ಚಾಪೆ ಬಿಡಿಸಿದ್ದ.

"ಧರ್ಣಪ್ಪನವರೇ, ಇದನ್ನು ಮೊದಲೇ ಹೇಳ್ಬಾರದಿತ್ತಾ!" ಟೀಚರ್ ಮುಖ ಅರಳಿತು. "ಶಾಲೆ ತೆರೆಯಲಿಕ್ಕೆ ನಮಗೆ ಆದೇಶ ಇಲ್ಲ. ಆದ್ರೆ ಟೀಚರ್‌ಗಳೇ ವಠಾರಕ್ಕೆ ಹೋಗಿ ಪಾಠ ಮಾಡ್ಬಹುದು ಅಂತ ಉಂಟು. ಗಾಳಿ ಬೆಳಕಿನ ಜಾಗ ಸಿಗದೆ ನನಗೆ ಮಂಡೆಬೆಚ್ಚ ಆಗಿತ್ತು. ನಾಳೆಯಿಂದ ನಿಮ್ಮ ಜಗಲಿಗೇ ಬರ್ತೇನೆ. ಐದನೇ ಕ್ಲಾಸನ್ನೂ ಸೇರಿಸುವ."

"ಶಾಲೆಗೆ ಕಳಿಸ್ಲಿಕ್ಕಿಲ್ಲ, ಒಳ್ಳೆದಾಯ್ತು" ಎಂದಳು ಸರಸ.

"ಟೀಚರ್ ಎದುರೇ ಇರ್ತಾರೆ, ಒಳ್ಳೆದಾಯ್ತು" ಎಂದ ಮೂಸಾಕ.

"ಚಾ ನಾನು ಮಾಡ್ತೇನೆ ಟೀಚರ್" ಎಂದು ಬಾಗಿಲಿಂದ ಕೂಗಿದಳು ದಮಯಂತಿ.

"ಹಾಗಾದ್ರೆ ಒಪ್ಪಿಗೆ ಇದ್ದವರು ಕೈ ಎತ್ತಿ."

"ಬೇಡ ಟೀಚರ್, ಬೇಡ!" ಎಂದು ಧರ್ಣಪ್ಪ ಹಾರಿ ಎದ್ದ. ಜಗಲಿಯ ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವನ ಮೊಬೈಲಿನ ಮೈಕ್ ಆಫ್ ಇತ್ತು. ಅವನು ಎರಡೂ ಕೈ ಎತ್ತಿ ಬೀಸಿದ.

"ನೋಡಿ, ಧರ್ಣಪ್ಪನವರು ಎರಡು ಕೈ ಎತ್ತಿದ್ದಾರೆ!" ಎಂದರು ಟೀಚರ್. "ಮತ್ತೆ ಒಂದು ವಿಷಯ. ಮಕ್ಕಳು ದೂರ ದೂರ ಕೂತಿದ್ದಾರಾ ಅಂತ ನೋಡಲಿಕ್ಕೆ ಹೆತ್ತವರಲ್ಲಿ ಒಬ್ಬರು ಕ್ಲಾಸು ಮುಗಿಯುವವರೆಗೆ ಜೊತೆಗೇ ಇರಬೇಕು."

ಎಲ್ಲರೂ ಒಂದೇ ಕಡೆ ತಿರುಗಿದರು.

"ನಮಗೆಲ್ಲ ಕೆಲಸ ಉಂಟಲ್ವಾ" ಎಂದಳು ಸರಸ. "ಹಗಲು ಮನೆಯಲ್ಲಿ ಸುಮ್ಮನೆ ಮಲಗಿರುದು ಧರ್ಣಪ್ಪಣ್ಣ ಒಬ್ರೇ."

ಮರುದಿನ ಎರಡು ಕ್ಲಾಸುಗಳ ಹಿಂದೆ, ಗೋಡೆಗೆ ಒರಗಿ ಧರ್ಣಪ್ಪನೂ ಕೂತ. ಟೀಚರ್ ಬೋರ್ಡಿನಲ್ಲಿ ಭಾಗಾಕಾರ ಬರೆದರು. ಶೇಷ ಉಳಿಯುವ ಹೊತ್ತಿಗೆ ಅವನ ಗಲ್ಲ ಎದೆಗೆ ಬಿದ್ದಿತ್ತು.

"ಟೀಚರ್!" ಹರ್ಷಿತಾ ಎದ್ದು ನಿಂತಳು. "ಅಪ್ಪ ಕ್ಲಾಸಲ್ಲಿ ನಿದ್ದೆ ಮಾಡ್ತಿದ್ದಾರೆ!"

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. ಮಕ್ಕಳೆಲ್ಲ ಹಿಂದೆ ತಿರುಗಿದರು. ಧರ್ಣಪ್ಪ ಕಣ್ಣು ತೆರೆದ. ಯಾರೂ ಹೇಳುವ ಮೊದಲೇ, ತನ್ನದೇ ಜಗಲಿಯಲ್ಲಿ, ಕೈಕಟ್ಟಿ ಎದ್ದು ನಿಂತ.