ಟುಲ್ಪಾ ಕಟ್ಟಿಕೊಂಡು ರಜೆ ಕೇಳಿದ್ದು

ಎದುರಿಗಿರುವವರಿಗೆ ‘ಇಲ್ಲ’ ಎನ್ನಲು ಬಾರದವರು ಬಹಳ ಜನ ಇದ್ದಾರೆ. ನನಗೆ ಎದುರಿಗೆ ಯಾರೂ ಇಲ್ಲದಾಗಲೂ ಬರುವುದಿಲ್ಲ. ಮಲ್ಲಂದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ರೈಟರ್. ಅಂದರೆ ಆಳುಗಳ ಹಾಜರಿ ಹಿಡಿದು, ಸಾಹುಕಾರರು ಹೇಳಿದ್ದಕ್ಕೆಲ್ಲ ‘ಆಯ್ತು ಸಾರ್’ ಎನ್ನುವವನು. ಈ ಮಾರ್ಚಿನಲ್ಲಿ ಕಳಸದಲ್ಲಿ ನನ್ನ ಹೆಂಡತಿ ಶಾರದೆಯ ಅಕ್ಕನ ಮಗಳ ಮದುವೆ ಗೊತ್ತಾಯಿತು. ಕಾಫಿ ಹೂವಾದ ಮೇಲೆ ಸ್ಪ್ರಿಂಕ್ಲರ್‌ನಲ್ಲಿ ಎರಡನೇ ನೀರು ಕೊಡುವ ಕಾಲವೂ ಅದೇ. ಆ ದಿನಗಳಲ್ಲಿ ಸಾವಿಗೆ ಬಿಟ್ಟರೆ ಬೇರೆ ಯಾವುದಕ್ಕೂ ರಜೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

“ಮೂರು ಮದುವೆಗೆ ಒಬ್ಬಳೇ ಹೋಗಿ ಬಂದೆ. ಈ ಸಲವೂ ನೀವು ಬರ್ದಿದ್ರೆ ಇನ್ನು ಯಾವತ್ತೂ ಕರೆಯಲ್ಲ” ಎಂದಳು ಶಾರದೆ. ಜಗಳವಾಡಿದ್ದರೆ ನಾನು ಹೆದರುತ್ತಿರಲಿಲ್ಲ, ಅಭ್ಯಾಸವಿದೆ. ಮೆಲ್ಲಗೆ ಹೇಳಿದಳು. ನಿಜಕ್ಕೂ ಭಯವಾಯಿತು.

ಟುಲ್ಪಾ ಎಂಬುದರ ಬಗ್ಗೆ ಫೋನಿನಲ್ಲಿ ಓದಿದ್ದು ಆಗಲೇ. ಒಬ್ಬ ವ್ಯಕ್ತಿಯನ್ನು ದಿನವೂ ಮನಸ್ಸಿನಲ್ಲಿ ಕಲ್ಪಿಸಿಕೊಂಡು ಮಾತಾಡಿಸುತ್ತಿದ್ದರೆ, ಕೊನೆಗೆ ಅವನು ತನ್ನದೇ ಬುದ್ಧಿಯಿಂದ ಮಾತಾಡಲು ಶುರುಮಾಡುತ್ತಾನಂತೆ. ನಾವು ಮೆಚ್ಚಿದ ಕಥೆಗಳ ಪಾತ್ರಗಳ ಗುಣ ಅವನಿಗೆ ತಾನಾಗಿ ಅಂಟಿಕೊಳ್ಳುತ್ತದಂತೆ. ಹುಡುಗನಾಗಿದ್ದಾಗ ಬಾಡಿಗೆಗೆ ತಂದು ಓದುತ್ತಿದ್ದ ಕಾದಂಬರಿಗಳಲ್ಲಿ ಯಾರಿಗೂ ಹೆದರದ ಪತ್ತೇದಾರನೊಬ್ಬನಿದ್ದ. ಅವನನ್ನೇ ತಲೆಯೊಳಗೆ ಕೂರಿಸಿಕೊಂಡೆ. ಹಾಜರಿ ಕರೆಯುವಾಗ, ಪೈಪು ಬದಲಿಸುವಾಗಲೆಲ್ಲ ಮಾತಾಡಿಸಿದೆ. ನಾನು ಒಬ್ಬನೇ ಗೊಣಗುವುದನ್ನು ನೋಡಿ ಮೇಸ್ತ್ರಿ ದಾರಿ ಬಿಡತೊಡಗಿದ.

ಮೂರು ವಾರ ಕಳೆದ ಮೇಲೆ ಧೈರ್ಯ ಮಾಡಿ ಸಾಹುಕಾರರ ಮುಂದೆ ನಿಂತೆ. ಪತ್ತೇದಾರ ಬಾಯಿ ಬಿಡಲಿಲ್ಲ. ಆ ಕಾದಂಬರಿಗಳಲ್ಲೂ ಅವನು ಕೊನೆಯ ಅಧ್ಯಾಯದವರೆಗೆ ಯಾರಿಗೂ ಏನೂ ಹೇಳುವವನಲ್ಲ ಎಂಬುದು ನನಗೆ ನೆನಪಾದದ್ದು ಆಗ. ಅವನ ಬದಲು ನನ್ನ ಬಾಯಿಗೆ ಬಂದದ್ದು ಒಂದೇ ಮಾತು: “ಸಾರ್, ನಿಮ್ಮ ಶೂಸಲ್ಲಿ ಕೆಸರಿದೆ.” ಸಾಹುಕಾರರು ಶೂಸ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ತೊಳೆದು ತಂದೆ.

ಸಿಟ್ಟಿನಿಂದ ಪತ್ತೇದಾರನನ್ನು ಹೊರಗೆ ಹಾಕಿದೆ. ಆದರೆ ಖಾಲಿ ಜಾಗಕ್ಕೆ ನಾನು ಕರೆಯದ ಒಬ್ಬಳು ಬಂದು ಕೂತಳು. ಅಮ್ಮ ಓದುತ್ತಿದ್ದ ಧಾರಾವಾಹಿಯ ನಾಯಕಿ, ಪ್ರತಿ ಕಂತಿನಲ್ಲೂ ಅಳುವವಳು. ಅಮ್ಮ ಓದಿ ಮುಗಿಸಿದ ಮೇಲೆ ಕದ್ದು ಓದಿ ನಾನೂ ಅಳುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಮದುವೆಗೆ ಎರಡು ದಿನವಿದೆ ಎನ್ನುವಾಗ ಮತ್ತೆ ಹೋಗಿ “ಸಾರ್, ಕಳಸದಲ್ಲಿ...” ಎಂದೆ, ಅಷ್ಟೆ. ಕಣ್ಣೀರು ಇಳಿಯಿತು.

ಸಾಹುಕಾರರು ಎದ್ದು ನಿಂತರು. “ಅಯ್ಯೋ ಮಾರಾಯ, ಯಾರು ಹೋಗಿದ್ದು? ಹೆಂಡತಿ ಕಡೆಯವರಾ?”

ಹೆಂಡತಿ ಕಡೆಯವರು ಎಂಬುದು ನಿಜವೇ ಆದ್ದರಿಂದ ತಲೆಯಾಡಿಸಿದೆ. ಮೂರು ದಿನ ರಜೆ ಸಿಕ್ಕಿತು. ಶಾರದೆಗೆ ರಜೆಯ ವಿಷಯ ಮಾತ್ರ ಹೇಳಿದೆ. ಅವಳು ಎಷ್ಟು ಖುಷಿಪಟ್ಟಳೆಂದರೆ ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಸ್ಟೇಟ್ ಲೈನಿನ ನಮ್ಮ ಮನೆಯ ಮುಂದೆ ಜೀಪು ಬಂದು ನಿಂತಿತು. “ಸಾವಿನ ಮನೆಗೆ ಬಸ್ಸಲ್ಲಿ ಒದ್ದಾಡ್ಕೊಂಡು ಹೋಗ್ಬೇಡ, ನಾನೇ ಬಿಟ್ಟು ಬರ್ತೀನಿ” ಎಂದು ಸಾಹುಕಾರರು ಇಳಿದರು. ಅವರ ಕೈಯಲ್ಲಿ ಹೆಣಕ್ಕೆ ಹಾಕುವಂಥ ದೊಡ್ಡ ಹಾರವಿತ್ತು. ಅದೇ ಹೊತ್ತಿಗೆ ಶಾರದೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ನಗುತ್ತಾ ಹೊರಗೆ ಬಂದಳು.

ಪತ್ತೇದಾರ, ನಾಯಕಿ ಇಬ್ಬರೂ ಆ ಕ್ಷಣಕ್ಕೆ ನಾಪತ್ತೆ. ಶಾರದೆ ಹಾರ ನೋಡಿದಳು, ನನ್ನ ಮುಖ ನೋಡಿದಳು. ನಗು ಹೋಯಿತು. ಇಪ್ಪತ್ತು ವರ್ಷದ ಸಂಸಾರ, ಅವಳಿಗೆ ಬೇರೆ ಸುಳಿವು ಬೇಕಿರಲಿಲ್ಲ.

“ಸಾರ್, ಯಾರೂ ಸತ್ತಿಲ್ಲ. ನಮ್ಮಕ್ಕನ ಮಗಳ ಮದುವೆ. ಕೇಳೋಕೆ ಇವ್ರಿಗೆ ಹೆದರಿಕೆ. ಎರಡೇ ದಿನ ಸಾಕು, ಕಳಿಸ್ಕೊಡಿ” ಎಂದಳು.

ಸಾಹುಕಾರರು ಹಾರವನ್ನು ಜೀಪಿನ ಸೀಟಿನ ಮೇಲೆ ಎಸೆದರು. “ಇಷ್ಟು ಹೇಳೋಕೆ ಅತ್ತೆಯಾ ಮಾರಾಯ? ಹೋಗಿ ಬಾ. ಜೀಪು ಇನ್ನು ಬರಲ್ಲ, ಬಸ್ಸಲ್ಲೇ ಹೋಗು” ಎಂದು ಹೊರಟುಹೋದರು. ಬಸ್ಸಿನಲ್ಲಿ ಶಾರದೆ ನನ್ನನ್ನು ಬಿಟ್ಟು ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತಳು. ಊಟದ ಪಂಕ್ತಿಯಲ್ಲಿ ಮಾತ್ರ ಪಕ್ಕದವರಿಗೆ “ಇವ್ರೇ ನಮ್ಮನೆಯವ್ರು” ಎಂದು ತೋರಿಸಿದಳು.

ಬಂದ ಮೇಲೆ ಯೋಚಿಸಿದೆ. ಅಂಥ ಧೈರ್ಯದ ಪಾತ್ರ ಮನೆಯಲ್ಲೇ ಇರುವಾಗ ಕಾದಂಬರಿಗಳ ಹಂಗೇಕೆ? ಈಗ ಶಾರದೆಯನ್ನೇ ಟುಲ್ಪಾ ಮಾಡಿಕೊಂಡಿದ್ದೇನೆ. ಚೆನ್ನಾಗಿಯೇ ಮಾತಾಡುತ್ತಾಳೆ. ಆದರೆ ಸಾಹುಕಾರರಿಗೆ ಒಂದು ಮಾತೂ ಹೇಳುವುದಿಲ್ಲ, ಎಲ್ಲವನ್ನೂ ನನಗೇ ಹೇಳುತ್ತಾಳೆ. ಮೊದಲು ಮನೆಯಲ್ಲಿ ಮಾತ್ರ ಬೈಸಿಕೊಳ್ಳುತ್ತಿದ್ದೆ. ಈಗ ತೋಟದಲ್ಲೂ “ಆಯ್ತು ಮಾರಾಯ್ತಿ” ಎನ್ನುತ್ತಾ ಓಡಾಡುತ್ತಿದ್ದೇನೆ.