ಅತ್ತೆ ನನ್ನೊಡನೆ ಮಾತಾಡಿದ ವರ್ಷ

ಅಳಿಯತನ ಎಂಬುದು ಒಂದು ಹುದ್ದೆ. ಅದಕ್ಕೆ ವರ್ಗಾವಣೆ ಇಲ್ಲ, ನಿವೃತ್ತಿ ಇಲ್ಲ, ಕೆಲಸವಂತೂ ಇಲ್ಲವೇ ಇಲ್ಲ. ಮಾವನ ಮನೆಗೆ ಹೋಗಬೇಕು, ಹಾಕಿದ ಕುರ್ಚಿಯಲ್ಲಿ ಕೂರಬೇಕು, ಬಡಿಸಿದ್ದನ್ನೆಲ್ಲ ‘ಸಾಕು, ಸಾಕು’ ಎನ್ನುತ್ತಲೇ ತಿನ್ನಬೇಕು, ಆಮೇಲೆ ಗೌರವ ಇನ್ನೂ ಬಿಸಿಯಾಗಿರುವಾಗಲೇ ಎದ್ದು ಊರಿಗೆ ಹೊರಟುಬಿಡಬೇಕು. ಈ ಹೊರಡುವುದೇ ಮುಖ್ಯವಾದ ಭಾಗ ಎಂಬುದು ನನಗೆ ಮದುವೆಯಾಗಿ ಬಹಳ ವರ್ಷ ಗೊತ್ತಿರಲಿಲ್ಲ. ಪ್ರತಿ ಸಲವೂ ಹೊರಟುಬಿಡುತ್ತಿದ್ದೆನಾದ್ದರಿಂದ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಅದನ್ನು ತಿಳಿಸಿಕೊಡಲು ಕಡಲಾಚೆಯಿಂದ ಒಂದು ಕಾಯಿಲೆ ಬರಬೇಕಾಯಿತು.

ನನ್ನ ಮಾವನವರ ಊರು ಕನಕಪುರದಿಂದ ಆಚೆ, ಕಾಡಿನ ಅಂಚಿನ ಒಂದು ಹಳ್ಳಿ. ಮಾವ ಮಾತಿನ ಮನುಷ್ಯ. ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಗೌರವ. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುತ್ತಾರೆ. ‘ಅವ್ರು ಸ್ನಾನಕ್ಕೆ ಏಳ್ತಾರಾ ಕೇಳವ್ವ, ನೀರು ಕಾದೈತೆ.’ ನಾನು ಹೆಂಡತಿಯ ಮುಖ ನೋಡಿ ‘ಹೂಂ, ಏಳ್ತೀನಂತೆ’ ಎನ್ನುತ್ತಿದ್ದೆ. ಒಮ್ಮೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ಬಾಗಿಲ ಹಿಂದಿನಿಂದ ಬೆಕ್ಕಿಗೆ, ‘ನೀರು ಕಾದೈತೆ’ ಎಂದರು. ನಾನು ಬೆಕ್ಕಿಗೆ ‘ಹೂಂ’ ಎಂದು ಹೇಳಿ ಬಚ್ಚಲಿಗೆ ಹೋದೆ. ಇದಕ್ಕಿಂತ ಹೆಚ್ಚಿನ ಮರ್ಯಾದೆ ರಾಮನಗರದ ತಾಲ್ಲೂಕು ಕಚೇರಿ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನಿಗೆ ಎಲ್ಲಿ ಸಿಗಬೇಕು? ಅಂಗಡಿಯಲ್ಲಿ ನನ್ನನ್ನು ಎಲ್ಲರೂ ‘ರೀ ಜೆರಾಕ್ಸು’ ಎಂದೇ ಕರೆಯುತ್ತಾರೆ.

ಆ ವರ್ಷ ನಾವು ಊಟಿಗೆ ಹೊರಟಿದ್ದೆವು. ನನ್ನ ಹೆಂಡತಿ ಜಯಶೀಲ ಮದುವೆಯಾದಂದಿನಿಂದ ಊಟಿ ಎನ್ನುತ್ತಲೇ ಇದ್ದಳು, ನಾನು ನೋಡೋಣ ಎನ್ನುತ್ತಲೇ ಇದ್ದೆ. ಮಗಳ ಶಾಲೆಗೆ ಬೇಸಿಗೆಗೆ ಮುಂಚೆಯೇ ರಜೆ ಕೊಟ್ಟರು. ಯಾಕೆ ಕೊಟ್ಟರು ಎಂದು ಯೋಚಿಸುವ ಬದಲು ನಾವು ಮೂರು ಸ್ವೆಟರು, ಮೂರು ಮಂಕಿ ಕ್ಯಾಪು, ಎರಡು ಶಾಲು ಕೊಂಡೆವು. ಯುಗಾದಿಯನ್ನು ಮಾವನ ಮನೆಯಲ್ಲಿ ಮುಗಿಸಿ, ಹಾಗೇ ಮೈಸೂರಿಗೆ ಹೋಗಿ, ಅಲ್ಲಿಂದ ಊಟಿ ಬಸ್ಸು ಹಿಡಿಯುವುದು ಎಂದು ಲೆಕ್ಕ. ಬ್ಯಾಗಿನಲ್ಲಿ ಉಣ್ಣೆ ಬಿಟ್ಟರೆ ಬೇರೇನೂ ಹೆಚ್ಚಾಗಿ ಇರಲಿಲ್ಲ. ಹಬ್ಬದ ಮುನ್ನಾದಿನ ಟೀವಿಯಲ್ಲಿ ದೇಶಕ್ಕೆಲ್ಲ ಬೀಗ ಎಂದು ಹೇಳಿದಾಗ ನಾನು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಆ ಮನೆಯಲ್ಲಿ ಅಳಿಯನ ಕಾಫಿ ಎಂದರೆ ಗಟ್ಟಿ ಹಾಲಿನದು, ಹೊಸ ಸ್ಟೀಲ್ ಲೋಟದಲ್ಲಿ ಬರುವಂಥದು. ‘ಒಂದು ವಾರ ಅಷ್ಟೇ ಬುಡಿ’ ಎಂದರು ಮಾವ.

ಹಬ್ಬದ ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಊರಿನ ನಾಲ್ಕಾರು ಮನೆಯವರು ಸೇರಿ ಮರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಂಡರು. ಈಲಿ, ಅಂದರೆ ಲಿವರ್ ಚೂರುಗಳೆಲ್ಲ ನನ್ನ ತಟ್ಟೆಗೇ ಬಂದವು. ಮರುದಿನ ಕೋಳಿ. ಅದರ ಮರುದಿನ ಮೊಟ್ಟೆ. ಆಮೇಲೆ ಹುರುಳಿಕಾಳು, ಆಮೇಲೆ ಬಸ್ಸಾರು, ಆಮೇಲೆ ನಿನ್ನೆಯ ಬಸ್ಸಾರು. ಇಳಿಜಾರು ಯಾವ ದಿನ ಶುರುವಾಯಿತೆಂದು ನಿಖರವಾಗಿ ಹೇಳಲಾರೆ. ಉಟ್ಟುಕೊಳ್ಳಲು ಬಟ್ಟೆ ಇಲ್ಲದೆ ಮಾವನ ಪಂಚೆ ಕೇಳಿ ಪಡೆದೆ. ಮಾವನ ಪಂಚೆ ಉಟ್ಟವನಿಗೆ ‘ಸಾಕು, ಸಾಕು’ ಎನ್ನುವ ಅಧಿಕಾರ ಉಳಿಯುವುದಿಲ್ಲ. ಅನ್ನುವ ಮೊದಲೇ ಬಡಿಸುವವರು ನಿಲ್ಲಿಸಿರುತ್ತಾರೆ.

ಒಂದು ಬೆಳಗ್ಗೆ ಮರ್ಯಾದೆಯಾಗಿ ಹೊರಟುಬಿಡೋಣ ಎಂದು ನಡೆದೇ ಊರ ಬಾಗಿಲಿಗೆ ಬಂದೆ. ಅಲ್ಲಿ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿ ಊರಿನ ಗಂಡಸರು ಕಾವಲು ಕೂತಿದ್ದರು. ದೇಶದ ಗಡಿಯನ್ನು ಯಾರು ಕಾಯುತ್ತಿದ್ದರೋ ಕಾಣೆ, ಈ ಗಡಿ ಬಿಗಿಯಾಗಿತ್ತು. ‘ಹೋಗದಾದ್ರೆ ಹೋಗಿ ಭಾವ, ನಾವೇನು ಬ್ಯಾಡ ಅನ್ನಕಿಲ್ಲ. ಆದ್ರೆ ಮುಂದ್ಲೂರ್ನೋರೂ ಮುಳ್ಳು ಹಾಕವ್ರೆ, ಒಳೀಕ್ ಬುಡಕಿಲ್ಲ. ವಾಪಸ್ ಬಂದ್ರೆ ನಾವೂ ಬುಡಕಿಲ್ಲ’ ಎಂದ ಒಬ್ಬ. ಎರಡು ಮುಳ್ಳಿನ ನಡುವೆ, ಯಾವ ಊರಿಗೂ ಅಳಿಯನಲ್ಲದೆ ಬಿಸಿಲಲ್ಲಿ ನಿಂತಿರುವ ನನ್ನನ್ನು ಕಲ್ಪಿಸಿಕೊಂಡೆ. ವಾಪಸ್ ಬಂದು ಕುರ್ಚಿಯಲ್ಲಿ ಕೂತೆ.

ಈಗ ಹುಳುವಿನ ವಿಷಯ ಹೇಳಬೇಕು. ಮಾವನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾನು ರೇಷ್ಮೆ ಗೂಡಿನ ಮಾರ್ಕೆಟ್ಟಿರುವ ಊರಿನಲ್ಲೇ ಹುಟ್ಟಿ ಬೆಳೆದವನಾದರೂ ಹುಳು ಸಾಕುವುದನ್ನು ಹತ್ತಿರದಿಂದ ನೋಡಿದವನಲ್ಲ. ಹುಳುವಿನ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದೇ ಹೋಗಬೇಕು. ಟೀವಿಯಲ್ಲಿ ಕೈ ತೊಳೆಯುವ ಬಗೆಯನ್ನು ಹಂತ ಹಂತವಾಗಿ ತೋರಿಸಿದಾಗ ಅತ್ತೆ, ‘ಇದು ಗೊತ್ತಾಗಕ್ಕೆ ಇವ್ರಿಗೆ ಇಷ್ಟೊತ್ತಾ?’ ಎಂದು ಮೊಮ್ಮಗಳನ್ನು ಕೇಳಿದ್ದರು. ಆ ಬೆಳೆಯ ಮೇಲೆ ನನ್ನ ನಾದಿನಿ ಶಿಲ್ಪಳ ಮದುವೆ ನಿಂತಿತ್ತು. ಹುಡುಗ ಸೋಲೂರಿನ ಕಡೆಯವನು, ನಿಶ್ಚಿತಾರ್ಥ ಆಗಿತ್ತು. ಗೂಡು ಚೆನ್ನಾಗಿ ಬಂದರೆ ಮದುವೆ, ಇಲ್ಲದಿದ್ದರೆ ಮುಂದಿನ ವರ್ಷ. ಹುಳುಗಳು ಕೊನೆಯ ಹಂತಕ್ಕೆ ಬಂದು ಹಗಲೂ ರಾತ್ರಿ ಮೇಯತೊಡಗಿದ ಹೊತ್ತಿಗೆ ಸರಿಯಾಗಿ ಪಕ್ಕದೂರಿನ ಕೂಲಿಯವರು ಮುಳ್ಳಿನ ಆಚೆ ಉಳಿದರು. ಸೊಪ್ಪು ಕೊಯ್ಯಲು, ಹೊರಲು, ಹಾಕಲು ಮನೆಯವರಷ್ಟೇ.

‘ನಾನೂ ಬರ್ತೀನಿ’ ಎಂದೆ. ಮಾವ, ‘ಎಲ್ಲಾರಾ ಉಂಟಾ? ಅಳಿಯಂದ್ರು ಕೆಲ್ಸ ಮಾಡಾದಾ?’ ಎಂದರು. ಅವರು ಅದನ್ನು ಇನ್ನೊಂದು ಸಲ ಹೇಳಲಿ ಎಂದು ಕಾದೆ. ಹೇಳಲಿಲ್ಲ.

ಮೊದಲ ಸಲ ಕೆಲಸಕ್ಕೆ ಹೋಗುವವನು ಶುಭ್ರವಾಗಿ ಹೋಗಬೇಕೆಂದು ನನ್ನ ಭಾವನೆ. ಸ್ನಾನ ಮಾಡಿದೆ. ಗಡ್ಡ ಕೆರೆದು, ಊಟಿಗೆಂದು ಕೊಂಡಿದ್ದ ಲೋಷನ್ ಹಚ್ಚಿದೆ. ಕತ್ತಿಗೆ ಪೌಡರ್ ಹಾಕಿದೆ. ನಿಂಬೆಹಣ್ಣಿನ ಪರಿಮಳದ ಸ್ಯಾನಿಟೈಸರನ್ನು ಮೊಣಕೈವರೆಗೆ ತಿಕ್ಕಿಕೊಂಡೆ. ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರನ್ನು, ಇಷ್ಟೆಲ್ಲ ಆದಮೇಲೆ ಅದೇಕೆ ಎಂದು ದಾಟಿಕೊಂಡು ಹುಳುವಿನ ಮನೆಯೊಳಗೆ ಕಾಲಿಟ್ಟೆ. ಬಾಗಿಲ ಬಳಿಯ ತಟ್ಟೆಗಳಲ್ಲಿ ಮೇಯುತ್ತಿದ್ದ ಹುಳುಗಳು ಮೇವು ಬಿಟ್ಟು ತಲೆ ಎತ್ತಿದವು. ಎತ್ತಿದ ತಲೆಯನ್ನು ಇಳಿಸಲಿಲ್ಲ. ಗಂಧ, ಹೊಗೆ, ಹೊಗೆಸೊಪ್ಪು, ಸೊಳ್ಳೆಬತ್ತಿ ಯಾವುದೂ ಆ ಜೀವಕ್ಕೆ ಆಗದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಒಳಗೆ ಬರುತ್ತೇನೆಂದು ಯಾರಿಗೂ ಅನ್ನಿಸಿರಲಿಲ್ಲವಲ್ಲ.

ಸೊಪ್ಪು ಹಾಕುತ್ತಿದ್ದ ಅತ್ತೆ ತಿರುಗಿದರು. ನಡುವೆ ಬಾಗಿಲಿಲ್ಲ, ಮಗಳಿಲ್ಲ, ಬೆಕ್ಕೂ ಇಲ್ಲ. ನೇರ ನನ್ನ ಮುಖಕ್ಕೇ ಹೇಳಿದರು.

‘ಆಚೀಕ್ ನಡಿಯಲಾ! ಘಮ್ ಅಂತ ಬಂದ್ಬುಟ್ಟ ಮದ್ಲಿಂಗ! ಹುಳ ಸತ್ರೆ ಆ ಮಗಿನ್ ಮದ್ವೆ ನೀ ಮಾಡ್ತೀಯಾ?’

ಇಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಮೊದಲ ಮಾತು ಅದು. ನಾನು ಆಚೆ ನಡೆದೆ. ಹೆಂಡತಿ ಅಡ್ಡ ಬಂದು ಸಮಾಧಾನ ಹೇಳುತ್ತಾಳೆಂದುಕೊಂಡೆ. ಸೊಪ್ಪು ಹೊತ್ತು ಬಂದ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಟ್ಟಿಗೆಯ ಪಕ್ಕ ಕಲ್ಲಿನ ಮೇಲೆ ಕೂತು ಸೀಗೆಪುಡಿ ಹಾಕಿ ಚರ್ಮ ಉರಿಯುವವರೆಗೆ ಉಜ್ಜಿಕೊಂಡೆ. ಶಿಲ್ಪ ಜಗಲಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಜ ಹೇಳುತ್ತೇನೆ, ಅವತ್ತು ನನಗೆ ಭಯವಾಯಿತು. ಒಂದು ಹೆಣ್ಣುಮಗಳ ಮದುವೆಯನ್ನು ಪೌಡರ್ ಹಾಕಿ ನಿಲ್ಲಿಸಿದವನು ಎಂಬ ಹೆಸರು ಹೊತ್ತು ಬಾಳುವುದು ಹೇಗೆ ಎಂದು ಬಿಸಿಲಿಳಿಯುವ ತನಕ ಯೋಚಿಸಿದೆ.

ಸಂಜೆ ಅತ್ತೆ ಹೊರಗೆ ಬಂದು ನನ್ನ ಎದುರು ನಿಂತರು. ‘ಮೇಯ್ತಾವೆ. ಏನಾಗಿಲ್ಲ ಬುಡು. ಸುಮ್ಕೆ ಕೂತಿದ್ಯಲ್ಲ, ಎದ್ದು ಸೊಪ್ಪು ತತ್ತಾ.’

ತಂದೆ. ಮರುದಿನವೂ ತಂದೆ. ಹುಳು ಮೇದು ಮುಗಿಸಿ ಹಣ್ಣಾದಾಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆ. ಅತ್ತೆ ಒಮ್ಮೆ ಬಾಯಿ ತೆರೆದವರು ಮತ್ತೆ ಮುಚ್ಚಲಿಲ್ಲ. ಇಷ್ಟು ವರ್ಷ ಕೂಡಿಟ್ಟಿದ್ದ ಮಾತೆಲ್ಲ ಒಟ್ಟಿಗೇ ಬಂತು. ನಾನು ಉಂಡು ಕೂತಲ್ಲೇ ತೂಕಡಿಸುವುದು, ಮಜ್ಜಿಗೆಗೆ ಉಪ್ಪು ಜಾಸ್ತಿ ಹಾಕಿಕೊಳ್ಳುವುದು, ಮದುವೆಯ ಧಾರೆಯ ಹೊತ್ತಿನಲ್ಲಿ ಆಕಳಿಸಿದ್ದು, ಎಲ್ಲವನ್ನೂ ಅವರು ಬಾಗಿಲ ಸಂದಿಯಿಂದ ನೋಡಿಟ್ಟುಕೊಂಡಿದ್ದರು. ಕಾಫಿ ಬೇಕಾ ಎಂದು ಕೇಳುವವರು ಇಲ್ಲವಾದರು. ‘ಒಲೆ ಮ್ಯಾಲೈತೆ, ಬಗ್ಗಿಸ್ಕಂಡು ಕುಡಿ’ ಎನ್ನುತ್ತಿದ್ದರು. ಹೋಗಿ ನೋಡಿದರೆ ಪಾತ್ರೆಯ ತಳದಲ್ಲಿ ನೀರಿಗೆ ಹಾಲಿನ ಸುದ್ದಿ ತಿಳಿಸಿದಂಥ ಒಂದು ಕಾಫಿ ಇರುತ್ತಿತ್ತು. ಕುರ್ಚಿಯ ಮೇಲೆ ಸೊಪ್ಪಿನ ಚೀಲ ಬಂದು ಕೂತಿತ್ತು.

ಗೂಡು ಚೆನ್ನಾಗಿ ಬಂತು. ರಾಮನಗರದ ಮಾರ್ಕೆಟ್ಟಿಗೆ ಹೋಗುವ ಗೂಡಿನ ಗಾಡಿಯನ್ನು ಪೊಲೀಸರು ತಡೆಯುತ್ತಿರಲಿಲ್ಲ. ಊರಿಗೆ ಹೋಗಲು ನನಗೆ ಪಾಸ್ ಇರಲಿಲ್ಲ, ಗೂಡಿಗೆ ಇತ್ತು. ಅದರ ಸಹಾಯಕನಾಗಿ ಚೀಲಗಳ ನಡುವೆ ಕೂತು ಮನೆ ಸೇರಿದೆ. ಶಿಲ್ಪಳ ಮದುವೆ ಅಲ್ಲಿ ಮನೆಯಂಗಳದಲ್ಲೇ, ನಾನಿಲ್ಲದೆ, ನಾಲ್ಕು ಜನರ ನಡುವೆ ಆಯಿತು. ಅಲ್ಲೇ ಉಳಿದಿದ್ದ ಜಯಶೀಲ ಮತ್ತು ಮಗಳು ಅದನ್ನು ಮುಗಿಸಿಕೊಂಡು ಬಂದರು, ಬೆವರುತ್ತಾ, ಸ್ವೆಟರುಗಳನ್ನು ಹೊತ್ತು.

ಬಸ್ಸುಗಳು ಓಡತೊಡಗಿದ ಮೇಲೆ ಒಂದು ದಿನ ಅತ್ತೆ ಮಗಳಿಗಲ್ಲ, ನನಗೇ ಫೋನ್ ಮಾಡಿದರು. ‘ಹುಳ ಹಣ್ಣಾಗವೆ, ಬತ್ತೀಯಾ?’ ಹೋದೆ. ನನ್ನ ಷಡ್ಕ, ಅಂದರೆ ಶಿಲ್ಪಳ ಗಂಡ, ಹೊಸ ಅಳಿಯನಾಗಿ ಅವತ್ತೇ ಮೊದಲ ಸಲ ಬಂದಿದ್ದ. ಕುರ್ಚಿಯ ಮೇಲಿನ ಚೀಲ ಇಳಿದು ಅವನು ಕೂತಿದ್ದ. ಹೊಸ್ತಿಲಲ್ಲಿ ಚಂದ್ರಿಕೆ ಸರಿಮಾಡುತ್ತಾ ನಾನು ಕೂತಿದ್ದೆ. ಬಾಗಿಲ ಮರೆಯಿಂದ ಅತ್ತೆಯ ಧ್ವನಿ, ಎಂದೂ ಕೇಳದಷ್ಟು ಮೆಲ್ಲಗೆ ಬಂತು: ‘ಅವ್ರು ಕಾಫಿ ಕುಡೀತಾರಾ, ಒಸಿ ಕೇಳಪ್ಪ.’

ಹಿಂದೆ ಮುಂದೆ ನೋಡಿದೆ. ಹತ್ತಿರ ಬೇರೆ ಯಾರೂ ಇರಲಿಲ್ಲ. ಹೊಟ್ಟೆ ಉರಿಯಿತು. ಆದರೂ ಕೇಳಿದೆ. ಅವನು ಪಾಪ, ವಿನಯವಂತ. ‘ಬ್ಯಾಡ ಅಣ್ಣ, ಈಗಷ್ಟೇ ಬಸ್‌ಸ್ಟ್ಯಾಂಡಲ್ಲಿ ಕುಡ್ದೆ’ ಎಂದು ನನಗಷ್ಟೇ ಕೇಳುವಂತೆ ಅಂದ. ನಾನು ಒಳಗೆ ಹೋಗಿ, ‘ಬೇಕಂತೆ. ಹಾಲು ಗಟ್ಟಿಯಾಗಿರಲಿ ಅಂದ್ರು’ ಎಂದೆ. ಹೊಸ ಸ್ಟೀಲ್ ಲೋಟದಲ್ಲಿ ಕಾಫಿ ನನ್ನ ಕೈಗೆ ಬಂತು. ಅಡುಗೆಮನೆಗೂ ಪಡಸಾಲೆಗೂ ನಡುವೆ ರಾಗಿ ಮೂಟೆ ಇಡುವ ಒಂದು ಕತ್ತಲೆ ಕೋಣೆ ಇದೆ. ಅಲ್ಲಿ ನಿಂತು ನಿಧಾನವಾಗಿ ಕುಡಿದೆ.

ಖಾಲಿ ಲೋಟ ವಾಪಸ್ ಕೊಟ್ಟಾಗ ಅತ್ತೆ ಆತಂಕದಿಂದ ಕೇಳಿದರು: ‘ಚೆಂದಾಗಿತ್ತಂತಾ?’

‘ಸಕ್ಕರೆ ಒಸಿ ಕಮ್ಮಿಯಾಯ್ತಂತೆ’ ಎಂದೆ.