ನಾದಿನಿ ಕೇಳಿಸಿಕೊಂಡದ್ದು, ನಾನು ನುಂಗಿಕೊಂಡದ್ದು

ನನ್ನ ನಾದಿನಿಯ ಎದುರು ಹತ್ತು ನಿಮಿಷ ಕೂತು, ಹೇಳಬಾರದ್ದನ್ನು ಹೇಳದೆ ಎದ್ದುಬಂದವರು ಜಯನಗರದಲ್ಲಿ ಯಾರಾದರೂ ಇದ್ದರೆ ಅವರಿಗೆ ನಾನು ಕೈಮುಗಿಯುತ್ತೇನೆ. ಪೊಲೀಸರು ಹೊಡೆದು ಬಾಯಿ ಬಿಡಿಸುತ್ತಾರಂತೆ, ವಕೀಲರು ಹೆದರಿಸಿ ಬಿಡಿಸುತ್ತಾರಂತೆ. ಇವಳು ಏನೂ ಮಾಡುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಿದ್ದಳು. ಸುಮ್ಮನೆ ಎಂದರೆ ನಮ್ಮ ನಿಮ್ಮ ಹಾಗಲ್ಲ. ನಾವು ಸುಮ್ಮನಿದ್ದರೆ ನಮ್ಮ ಸರದಿ ಯಾವಾಗ ಬರುತ್ತದೋ ಎಂದು ಕಾಯುತ್ತಿರುತ್ತೇವೆ. ಇವಳಿಗೆ ಸರದಿಯೇ ಬೇಡ! ಮುಖ ನೋಡುತ್ತಾ ಕೂತುಬಿಟ್ಟರೆ, ಎದುರಿಗಿದ್ದವರು ಆ ಮೌನ ತಡೆಯಲಾರದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತಿದ್ದರು.

ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನು ಕೇಸರಿಬಾತು, ಬೋಂಡ ಮಾಡಿದ್ದೆ. ಗಂಡಿನ ತಾಯಿ ಹಾಡು ಬರುತ್ತದೆಯೇ ಎಂದು ಕೇಳಿದರು. ಇವಳು ಇಲ್ಲವೆಂದು ಹೇಳಿ, ನೀವು ಮದುವೆಯಾಗಿ ಬಂದ ಮೊದಲನೇ ವರ್ಷ ಹೇಗಿತ್ತು ಎಂದು ಕೇಳಿ ಬಾಯಿ ಮುಚ್ಚಿಕೊಂಡಳು. ಆಯಿತಲ್ಲ! ಆಕೆ ಮೊದಲು ನಕ್ಕರು, ಆಮೇಲೆ ಗಂಡನ ಕಡೆ ಒಮ್ಮೆ ನೋಡಿದರು, ಆಮೇಲೆ ಶುರು ಮಾಡಿದರು. ಹದಿಮೂರಕ್ಕೆ ಸೊಸೆಯಾಗಿ ಬಂದದ್ದು, ಅತ್ತೆ ತುಪ್ಪದ ಗಡಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದದ್ದು, ಗಂಡ ಎನ್ನುವ ಪ್ರಾಣಿ ಅದನ್ನೆಲ್ಲ ಪೇಪರಿನ ಹಿಂದೆ ಕೂತು ನೋಡುತ್ತಿದ್ದದ್ದು. ಬೋಂಡ ತಣ್ಣಗಾಯಿತು. ಆ ಗಂಡ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಎದ್ದು ನಿಂತರು. ಸಂಬಂಧ ಮುರಿಯಿತು. ಆದರೆ ಆ ತಾಯಿ ಮಾತ್ರ ಆಮೇಲೂ ತಿಂಗಳಿಗೊಮ್ಮೆ ಬಂದು ಮಿಕ್ಕಿದ್ದನ್ನು ಹೇಳಿ ಹೋಗುತ್ತಿದ್ದರು. ಪ್ರತಿ ಸಲ ಕಾಫಿ ಮಾಡಿದವಳು ನಾನು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವಳು ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದಳು. ಬರೆದದ್ದನ್ನು ಮರುದಿನ ಹೇಳಿದವರ ಮುಂದೆಯೇ ಓದಿ, ಸರಿಯಾಗಿದೆಯೇ ಎಂದು ಕೇಳುತ್ತಿದ್ದಳು. ಸಮಾಜಕಾರ್ಯ ಅಂತ ಏನೋ ಓದಿಕೊಂಡು ಬಂದಿದ್ದಳಲ್ಲ, ಅಲ್ಲಿ ಕಲಿತದ್ದಂತೆ. ಹೇಳಿದವರು ಹೌದು ಎನ್ನುವವರೆಗೂ ಬರೆದವರ ಬರಹ ನಿಜವಾಗುವುದಿಲ್ಲವಂತೆ. ಓದು ಇರಲಿ, ಸಂಸಾರದಲ್ಲಿ ಇದು ನಡೆಯುತ್ತದೆಯೇ? ನಾನು ಸಿಟ್ಟಿನಲ್ಲಿ ಅತ್ತೆಯ ಅಡುಗೆಯ ಬಗ್ಗೆ ಒಂದು ಮಾತು ಆಡಿದ್ದೆ. ಮರುದಿನ ಬೆಳಿಗ್ಗೆ ಪುಸ್ತಕ ಹಿಡಿದು ಬಂದಳು.

"ಅತ್ತಿಗೆ, ಅಮ್ಮನ ಸಾರಲ್ಲಿ ಬೇಳೆ ಹುಡುಕೋಕೆ ಟಾರ್ಚ್ ಬೇಕು ಅಂದ್ರಿ. ಇಷ್ಟೇನಾ, ಇನ್ನೇನಾದ್ರೂ ಸೇರಿಸಬೇಕಾ?"

ಅತ್ತೆ ಪಕ್ಕದಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಆಮೇಲೆ ಎಷ್ಟೋ ದಿನ ನಾನು ಪಾತ್ರೆಗಳ ಜೊತೆ ಮಾತ್ರ ಮನಸ್ಸು ಬಿಚ್ಚಿ ಮಾತಾಡಿದೆ.

ಇಂಥವಳಿಗೆ ಕೆಲಸವೂ ಸಿಕ್ಕಿತು. ಊರನ್ನು ಅಂದ ಮಾಡುವ ಒಂದು ಕಚೇರಿ, ಹೆಸರು ಬೇಡ. ಜಯನಗರ ಆಗಿನ್ನೂ ಅರ್ಧ ಮನೆ, ಅರ್ಧ ಖಾಲಿ ಸೈಟು. ಆ ಮನೆಗಳಿಗೆ ಕಲ್ಲು, ಜಲ್ಲಿ, ಗಾರೆ ಹೊತ್ತವರು ಸಿದ್ದಾಪುರದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹೆಚ್ಚಿನವರು ತೆಲುಗಿನವರು. ಮನೆಗಳು ಎದ್ದು ನಿಂತಮೇಲೆ ಗುಡಿಸಲುಗಳು ಕಣ್ಣಿಗೆ ಚುಚ್ಚತೊಡಗಿದವು, ಅದೇನು ಹೊಸದೇ? ಅವರನ್ನೆಲ್ಲ ಮೈಲಿಗಟ್ಟಲೆ ದೂರ, ಸುಬ್ರಹ್ಮಣ್ಯಪುರದಾಚೆಯ ಬಯಲಿಗೆ ಸಾಗಿಸುವುದೆಂದು ಕಚೇರಿಯವರು ಯೋಚಿಸಿ, ಗುಮಾಸ್ತರ ಕೈಗೆ ಅಚ್ಚು ಹಾಕಿಸಿದ ಫಾರಂ ಕೊಟ್ಟು ಕಳಿಸಿದ್ದರು. ಹೊಸ ಮನೆ ಬೇಕೇ? ಹೌದು ಅಥವಾ ಇಲ್ಲ. ಹೊಸ ಮನೆ ಯಾರಿಗೆ ಬೇಡ ಹೇಳಿ? ಒಂದು ಗುಡಿಸಲೂ ಬಿಡದಂತೆ ಎಲ್ಲರೂ ಹೌದೆಂದರು! ಎಲ್ಲಿ ಎನ್ನುವುದು ಫಾರಮ್ಮಿನಲ್ಲಿ ಇರಲಿಲ್ಲ, ಗುಮಾಸ್ತರು ಹೇಳಲೂ ಇಲ್ಲ.

ಆ ಹೌದುಗಳನ್ನೆಲ್ಲ ಸೇರಿಸಿ ಒಂದು ಪಟ್ಟಿ ಮಾಡುವುದಷ್ಟೇ ನಾದಿನಿಯ ಕೆಲಸ. ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು. ಇವಳು ಸಾಹೇಬರ ಮೇಜಿನ ಮುಂದೆ ನಿಂತು, ಪ್ರಶ್ನೆಯೇ ಅರ್ಧ ಇದೆ ಸಾರ್, ಉತ್ತರ ಹೇಗೆ ಪೂರ್ತಿ ಆಗುತ್ತದೆ, ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದಳಂತೆ. ಸಮಿತಿಯ ಸಭೆಗೆ ಹದಿನೈದು ದಿನ ಇದೆ, ಅಷ್ಟರಲ್ಲಿ ಪಟ್ಟಿ ಬರದಿದ್ದರೆ ನೀನೂ ಬರಬೇಡ ಎಂದು ಸಾಹೇಬರು ಹೇಳಿದರಂತೆ. ಇವಳು ಸರಿ ಎಂದು ಬಂದಳು. ಏನು ಸರಿಯೋ!

ಮದುವೆಯಾಗದ ಹುಡುಗಿ ಅಲ್ಲಿಗೆಲ್ಲ ಒಬ್ಬಳೇ ಹೋಗುವುದೇ? ಅತ್ತೆ ನನ್ನನ್ನು ಕಾವಲಿಗೆ ಅಟ್ಟಿದರು. ನನ್ನ ತವರು ಮುಳಬಾಗಿಲಿನ ಕಡೆ, ತೆಲುಗು ಕನ್ನಡದಷ್ಟೇ ಸಲೀಸು. ನಾದಿನಿಗೆ ತೆಲುಗಿನ ಗಂಧಗಾಳಿ ಇಲ್ಲ. ಹೀಗೆ ಕಾವಲಿಗೆ ಹೋದವಳು ದುಭಾಷಿಯಾದೆ. ಸಂಬಳವಿಲ್ಲದ ಉದ್ಯೋಗಗಳಲ್ಲಿ ಇನ್ನೊಂದು, ಬಿಡಿ.

ಎಲ್ಲಿಗೆ ಎನ್ನುವುದನ್ನೂ ಹೇಳಿ, ಹೋಗುತ್ತೀರಾ ಎಂದು ಕೇಳುತ್ತಾ ಹೊರಟೆವು. ಮೊದಲನೇ ದಿನವೇ ಜಗಳ. ಒಬ್ಬ ಮುದುಕ ಬೀಡಿ ಸೇದುತ್ತಾ ಕಾಲು ಗಂಟೆ ಮಾತಾಡಿದ. ನಾನು ಇವಳ ಕಡೆ ತಿರುಗಿ "ಹೋಗಲ್ವಂತೆ" ಎಂದೆ. "ಅಷ್ಟೊತ್ತು ಮಾತಾಡಿದ್ದಕ್ಕೆ ಇಷ್ಟೇನಾ ಅತ್ತಿಗೆ?" ಎಂದಳು. ಮಿಕ್ಕಿದ್ದು ಬರೀ ಅವನ ಎತ್ತಿನ ಕಥೆ ಎಂದೆ. ಎತ್ತಿನ ಕಥೆಯೇ ಬೇಕಂತೆ! ಹಲ್ಲು ಕಚ್ಚಿಕೊಂಡು ಎತ್ತನ್ನು ಹೇಳಿದೆ, ಅದರ ಕೊಂಬನ್ನು ಹೇಳಿದೆ, ಅದಕ್ಕೆ ಬಂದ ಬೇನೆಯನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು. ಎತ್ತು ಸತ್ತಮೇಲೆ ಊರು ಬಿಟ್ಟು ಬಂದವನು ಆತ. ಒಂದು ಸಲ ಕಿತ್ತುಕೊಂಡು ಬಂದದ್ದೇ ಸಾಕು, ಇನ್ನೊಂದು ಸಲ ಆಗುವುದಿಲ್ಲ ಎನ್ನುವುದು ಆ ಎತ್ತಿನ ಕಥೆಯಲ್ಲೇ ಇತ್ತು. ನಾನು ಅದನ್ನು ಬಿಸಾಡಿದ್ದೆ.

ನಾಲ್ಕನೇ ದಿನ ಒಬ್ಬ ಹೆಂಗಸು ಸಿಕ್ಕಿದಳು. ನನ್ನದೇ ವಯಸ್ಸು, ತೊಡೆಯ ಮೇಲೆ ಕೂಸು, ತಲೆಯ ಮೇಲೆ ಕಲ್ಲು ಹೊತ್ತು ಹೊತ್ತು ಬೈತಲೆಯ ಕೂದಲು ಸವೆದಿತ್ತು. ಆ ಹೊಸ ಜಾಗದಿಂದ ಇಲ್ಲಿಗೆ ಕೆಲಸಕ್ಕೆ ನಡೆದು ಬರುವಷ್ಟರಲ್ಲಿ ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡಿರುತ್ತಾನೆ, ಕೂಸನ್ನು ಆ ಬಯಲಿನಲ್ಲಿ ಯಾರ ಹತ್ತಿರ ಬಿಡಲಿ ಎಂದಳು. ಆಮೇಲೆ ನಾದಿನಿಯನ್ನು ಬಿಟ್ಟು ನನ್ನ ಮುಖ ನೋಡಿ ಇನ್ನೊಂದು ಮಾತು ಹೇಳಿದಳು. ಹೋದ ವರ್ಷ ತುಂಬು ಬಸುರಿಯಾಗಿ ಒಂದು ಮನೆಯ ಮಹಡಿಗೆ ಕಲ್ಲು ಹೊರುತ್ತಿದ್ದಾಗ ಬಾಯಾರಿ ನೀರು ಕೇಳಿದಳಂತೆ. ಆ ಮನೆಯಾಕೆ ಹಿತ್ತಲ ಮೆಟ್ಟಿಲ ಮೇಲೆ ನಿಂತು, ಚೊಂಬು ಎತ್ತಿ ಹಿಡಿದು, ದೂರದಿಂದ ಬೊಗಸೆಗೆ ಹೊಯ್ದಳಂತೆ. ಅರ್ಧ ನೀರು ಸೀರೆಯ ಮೇಲೆ ಬಿತ್ತಂತೆ.

"ನಾವು ಮುಟ್ಟಿದ ಕಲ್ಲು ನಿಮ್ಮ ಗೋಡೆಗೆ ಆಗುತ್ತೆ, ನಾವು ಮುಟ್ಟಿದ ಚೊಂಬು ಆಗಲ್ಲ. ಈಗ ಕಣ್ಣಿಗೂ ಆಗಲ್ಲ ಅಂತೀರಿ" ಎಂದಳು, ತೆಲುಗಿನಲ್ಲಿ.

ಆ ಮೆಟ್ಟಿಲು ನಮ್ಮ ಮನೆಯದು. ಚೊಂಬು ಎತ್ತಿ ಹಿಡಿದವಳು ನಾನು. ನಾದಿನಿ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ದಾರಿ ದೂರವಂತೆ, ಕೂಸಿದೆಯಂತೆ, ಮೇಸ್ತ್ರಿ ಕಾಯುವುದಿಲ್ಲವಂತೆ ಎಂದು ಹೇಳಿ ಎದ್ದು ಸೀರೆ ಕೊಡವಿಕೊಂಡೆ.

ಮರುದಿನ ಓದಿ ಹೇಳುವ ಶಾಸ್ತ್ರ ಇದೆಯಲ್ಲ! ಇವಳು ಒಂದೊಂದೇ ಸಾಲು ಓದಿದಳು, ನಾನು ಒಂದೊಂದೇ ಸಾಲು ತೆಲುಗು ಮಾಡಿದೆ. ಆ ಹೆಂಗಸು ಕೊನೆಯವರೆಗೂ ಕೇಳಿ, ನೀರಿನ ಮಾತು ಎಲ್ಲಿ ಹೋಯಿತು ಎಂದಳು. ನೀಳ್ಳು ಎಂದರೆ ನೀರೆಂದು ತೆಲುಗು ಬಾರದವರಿಗೂ ಗೊತ್ತು. ನಾದಿನಿ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿ ಸುಮ್ಮನೆ ಕೂತಳು. ಹತ್ತು ನಿಮಿಷ ಎಂದೆನಲ್ಲ? ನನಗೆ ಎರಡು ನಿಮಿಷವೂ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಮನೆ ಯಾವುದೆಂದೂ ಹೇಳಿದೆ.

ನಾದಿನಿ ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು! ತಲೆತಗ್ಗಿಸಿ ಬರೆದುಕೊಂಡಳು. ಹೆಸರು ಹಾಕಲೇ ಎಂದು ನನ್ನ ಮೂಲಕ ಆ ಹೆಂಗಸನ್ನು ಕೇಳಿದಳು. ಬೇಡ ಎಂದಳು ಆಕೆ. ದೊಡ್ಡ ಮನೆಗಳ ಮೇಲೆ ದೂರು ಹೇಳಿದಳೆಂದು ಗೊತ್ತಾದರೆ ಯಾವ ಮೇಸ್ತ್ರಿಯೂ ಅವಳನ್ನು ಕರೆಯುವುದಿಲ್ಲ. ಆ ಮನೆಯಾಕೆಯ ಹೆಸರೂ ಬೇಡ, ಪಾಪ, ಸೊಸೆಯಿರಬೇಕು, ಯಾರ ಹೆದರಿಕೆಗೆ ಹಾಗೆ ಎರೆದಳೋ ಎಂದಳು. ನನ್ನ ಗುರುತು ಹಿಡಿದೇ ಹಾಗೆಂದಳೋ ಏನೋ, ಕೇಳುವ ಧೈರ್ಯ ನನಗಿರಲಿಲ್ಲ. ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಎಲ್ಲರೂ ಹಾಗೆ ಎರೆಯುತ್ತಿದ್ದರು, ನಾನೂ ಎರೆದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಸಭೆಯ ದಿನ ಉದ್ದನೆಯ ಮೇಜಿನ ಸುತ್ತ ಐದಾರು ಕೋಟುಗಳು. ನಾದಿನಿ ಪಟ್ಟಿಯ ಬದಲು ಹಾಳೆಗಳ ಕಟ್ಟನ್ನೇ ಇಟ್ಟಳು. ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ, ಕಾವಲಿಗೆ! ಸಾಹೇಬರು ಎರಡು ಪುಟ ತಿರುವಿ, ಇದು ವರದಿಯಲ್ಲ, ಹೆಂಗಸರ ಹರಟೆ ಎಂದರು.

"ಹರಟೆ ಹೊಡೆಯೋಕೆ ಬಿಡುವಿರಬೇಕು ಸಾರ್. ಅವರಿಗಿಲ್ಲ" ಎಂದು ಇವಳು ಓದಲು ಶುರು ಮಾಡಿದಳು.

ಎತ್ತಿನ ಕಥೆಗೆ ಒಬ್ಬರು ಆಕಳಿಸಿದರು. ನೀರಿನ ಮಾತಿಗೆ ಎಲ್ಲರೂ ಎಚ್ಚರಾದರು. ಯಾರು ಹೇಳಿದ್ದು, ಯಾವ ಮನೆ, ಹೆಸರಿಲ್ಲದ ಮಾತಿಗೆ ಏನು ಬೆಲೆ ಎಂದು ಸಾಹೇಬರು ಮೇಜು ಕುಟ್ಟಿದರು. ಹೆಸರು ಕೊಡು, ಇಲ್ಲವೇ ಈ ಹಾಳೆಗಳನ್ನು ಹರಿದುಹಾಕಿ ಹೌದುಗಳ ಪಟ್ಟಿ ಕೊಡು ಎಂದರು.

"ಕೊಡಲ್ಲ ಸಾರ್" ಎಂದಳು ನಾದಿನಿ.

ನೌಕರಿ ಹೋಗುತ್ತದೆ ಎಂದರು. ಹೋಗಲಿ ಎಂದಳು. ಹಾಳೆಗಳನ್ನು ಎದೆಗೊತ್ತಿಕೊಂಡಳು. ಸಾಹೇಬರು ಹಾಳೆ ಕಿತ್ತುಕೊಳ್ಳಲು ಕೈ ಚಾಚಿದಾಗ ನಾನು ಎದ್ದುನಿಂತಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದೆ ಮಾತಾಡುವುದು ನನ್ನ ಹುಟ್ಟುಗುಣ.

"ಹೆಸರು ಬೇಕಲ್ವಾ, ನನ್ನದು ಬರ್ಕೊಳ್ಳಿ. ಆ ನೀರು ಎರೆದವಳು ನಾನು. ಆಕೆ ಹೇಳಿದ್ದು ಅಕ್ಷರ ಅಕ್ಷರ ನಿಜ. ನಿಮ್ಮ ಮನೆಗಳಲ್ಲೂ ಹೀಗೇ ಎರೀತಾರೆ, ಹೋಗಿ ಕೇಳಿ. ಮನೆ ಕಟ್ಟೋವರೆಗೂ ಬೇಕಾಗಿದ್ದವರು ಕಟ್ಟಿದ ಮೇಲೆ ಬೇಡವಾದ್ರಾ?"

ಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ಮೂಲೆಯಲ್ಲಿದ್ದ ಒಬ್ಬ ವಯಸ್ಸಾದ ಸದಸ್ಯರು, ಫಾರಮ್ಮಿನಲ್ಲಿ ಎಲ್ಲಿ ಎಂದು ಕೇಳಿಯೇ ಇಲ್ಲವಲ್ಲ, ಇನ್ನೊಮ್ಮೆ ವಿಚಾರಿಸೋಣ ಎಂದರು. ಸಾಗಿಸುವ ಮಾತು ಅಲ್ಲಿಗೆ ನಿಂತಿತು. ಗುಡಿಸಲುಗಳು ಉಳಿದವು. ನಾದಿನಿಯ ಕೆಲಸ ಉಳಿಯಲಿಲ್ಲ, ಮೆಟ್ಟಿಲಿಳಿಯುವ ಮೊದಲೇ ಕಾಗದ ಕೈಗೆ ಬಂತು.

ಬಸ್ಸಿಳಿದು ಮನೆಯ ಕಡೆ ನಡೆಯುವಾಗ ಅವಳು ಒಂದು ಮಾತೂ ಆಡಲಿಲ್ಲ. ಇದು ಅವಳ ಮಾಮೂಲಿ ಮೌನವೆಂದುಕೊಂಡು ನಾನೂ ನಡೆದೆ. ತಿರುಗಿ ನೋಡಿದರೆ ಕಣ್ಣಲ್ಲಿ ಧಾರಾಕಾರ ನೀರು. ಇಷ್ಟು ಜನರ ಅಳು ಬರೆದುಕೊಂಡವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮ ಹೆಸರು ಹೇಳಿಬಿಟ್ರಲ್ಲ ಅತ್ತಿಗೆ. ಅಮ್ಮ ಏನಂತಾರೋ. ಕೆಲಸಾನೂ ಹೋಯ್ತು, ಇನ್ನು ಗುಡಿಸಲುಗಳ ಹತ್ತಿರ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಸೆರಗಿನಿಂದ ಅವಳ ಮುಖ ಒರೆಸಿದೆ. ಬಿಟ್ಟುಕೊಡುವವಳೇ ನಾನು?

"ಇರೋ ಮುಖ ಇಟ್ಕೊಂಡೇ ಹೋಗೋಣ. ಯಾರೂ ಅವಳನ್ನ ಅಲ್ಲಿಂದ ಎಬ್ಬಿಸಲ್ಲ, ಅವಳ ಹೆಸರು ಆಚೆ ಬಂದಿಲ್ಲ ಅಂತ ಆ ಹೆಂಗಸಿಗೆ ಹೇಳಬೇಡವಾ? ಬೆಳಿಗ್ಗೆ ಬೇಗ ಎದ್ದೇಳು. ನಿನಗೆ ತೆಲುಗು ಬರಲ್ಲ, ನಾನೂ ಬರ್ತೀನಿ."